ಒರಟು ಚರ್ಮದ ರೋಗವೂ ಒಕ್ಕಲಿಗನ ಊಟವೂ

ಚರ್ಮವು ಶರೀರಕ್ಕೆ ಹೊದಿಕೆಯಂತಿದೆ ಎಂದು ಹೇಳುವುದು ವಾಡಿಕೆಯಾಗಿದೆ. ಆದರೆ ಹೊದಿಕೆಯು ಹೊರಗಿನಿಂದ ತಂದು ಹೊದ್ದ ವಸ್ತು; ಚರ್ಮವಾದರೋ ಒಳಗಿನ ರಕ್ತದಿಂದಲೇ ಪೋಷಣೆ ಪಡೆದು ಬೆಳೆಯುವ ಅಂಗವಾಗಿರುತ್ತದೆ. ಆದುದರಿಂದ ಚರ್ಮದ ಮೇಲೆ ಕಾಣುವ ಕಲೆ, ಬಿರುಕು, ಹೊಪ್ಪಳಿಕೆ ಮೊದಲಾದವುಗಳೆಲ್ಲವೂ ಚರ್ಮದಲ್ಲಿಯೇ ಹುಟ್ಟಿದವೆಂದು ಭಾವಿಸತಕ್ಕದ್ದಲ್ಲ. ಪೈರಿನ ಎಲೆಯು ಹಳದಿಯಾದರೆ ಅನುಭವಸ್ಥನಾದ ರೈತನು ಎಲೆಯನ್ನು ತೊಳೆಯುವುದಿಲ್ಲ. ಬೇರನ್ನೂ ಮಣ್ಣಿನ ಸಾರವನ್ನೂ ಪರೀಕ್ಷಿಸುತ್ತಾನೆ. ಚರ್ಮರೋಗಗಳ ವಿಷಯದಲ್ಲಿಯೂ ವೈದ್ಯಶಾಸ್ತ್ರವು ಬಹು ಕಾಲದ ಮೇಲೆ ಈ ಮಾರ್ಗವನ್ನೇ ಹಿಡಿಯಬೇಕಾಯಿತು. ಈ ಮಾತಿಗೆ ನಿದರ್ಶನವಾಗಿ ‘ಪೆಲ್ಲಾಗ್ರ’ ಎಂಬ ರೋಗದ ಚರಿತ್ರೆಗಿಂತ ಉತ್ತಮವಾದುದು ಮತ್ತೊಂದಿಲ್ಲ. ಈ ರೋಗವು ಮುಖ್ಯವಾಗಿ ಬೇಸಾಯಗಾರರನ್ನೂ ಕೂಲಿಕಾರರನ್ನೂ ಪೀಡಿಸಿತು. ಹೊಲದ ಬೆಳೆಯಿಂದಲೇ ಇದರ ಮೂಲವು ಕಂಡುಬಂದಿತು. ಹೊಲದ ಬೆಳೆಯಿಂದಲೇ ಇದಕ್ಕೆ ನಿವಾರಣೆಯೂ ದೊರೆಯಿತು.

ರೋಗದ ಲಕ್ಷಣಗಳು

ಪೆಲ್ಲಾಗ್ರವು ಮೊದಲು ಬಿಸಿಲು ತಾಕುವ ಭಾಗಗಳಲ್ಲಿ ತೋರುತ್ತದೆ. ಮುಂಗೈಗಳ ಮೇಲ್ಭಾಗ, ಪಾದಗಳ ಮೇಲ್ಭಾಗ, ಮುಖ, ಕತ್ತು, ಇವುಗಳ ಚರ್ಮವು ಬಿಸಿಲಿನಿಂದ ಸುಟ್ಟಂತೆ ಕೆಂಪಾಗಿ ಉರಿಯುತ್ತದೆ. ಕೆಲವು ದಿನಗಳ ತರುವಾಯ ಕೆಂಪು ಹೋಗಿ ಕಪ್ಪಾಗಿ, ದಪ್ಪವಾಗಿ, ಒರಟಾಗಿ, ಬಿರಿದು ಹೊಪ್ಪಳಿಕೆಯೇಳುತ್ತದೆ. ಎಡಗೈಯಲ್ಲಿ ಎಷ್ಟು ಇರುವುದೋ ಬಲಗೈಯಲ್ಲಿಯೂ ಸುಮಾರಾಗಿ ಅಷ್ಟೇ ಇರುವುದು ಇದರ ವಿಶೇಷವಾಗಿದೆ. ರೋಗ ಬಿದ್ದ ಚರ್ಮಕ್ಕೂ ಒಳ್ಳೆಯ ಚರ್ಮಕ್ಕೂ ನಡುವೆ ಗೆರೆ ಎಳೆದಂತೆ ಎಲ್ಲೆಯು ಕಾಣುತ್ತದೆ. ಕತ್ತಿನ ಸುತ್ತ ಹಾರ ಹಾಕಿದಂತೆ ಈ ಕಪ್ಪು ಪಟ್ಟಿಯು ಬರುವುದೂ ಉಂಟು.

ರೋಗವು ಇಷ್ಟರಲ್ಲಿಯೇ ನಿಲ್ಲುವುದಿಲ್ಲ. ನಾಲಿಗೆಯು ಕೆಂಪಾಗಿ ಹುಣ್ಣಾಗುತ್ತದೆ. ಬಾಯಿ ಉರಿದು ಖಾರದ ಪದಾರ್ಥವನ್ನು ಮುಟ್ಟುವುದೂ ಕಷ್ಟವಾಗುತ್ತದೆ. ಹಸಿವು ಕುಂದಿ ಭೇದಿಯು ಹಿಡಿಯುತ್ತದೆ. ಆಮೇಲೆ ನಿದ್ರೆ ಬಾರದಿರುವುದು, ಅಕಾರಣವಾದ ಭಯ, ಮಂಕು, ಮರೆವು, ಕಡೆಗೆ ಚಿತ್ತಭ್ರಮೆ, ಇವು ಕ್ರಮವಾಗಿ ಕಾಣಿಸಿಕೊಳ್ಳುತ್ತವೆ. ಚಿಕಿತ್ಸೆಯಿಲ್ಲದಿದ್ದಲ್ಲಿ ಮರಣವು ಸಂಭವಿಸುತ್ತದೆ. ಹೀಗೆ ಒಂದೇ ರೋಗವು ಚರ್ಮ, ಕರುಳು, ಮನಸ್ಸು, ಈ ಮೂರನ್ನೂ ಹಿಡಿಯುವುದರಿಂದ, ಹಿಂದಿನ ಕಾಲದಲ್ಲಿ ಕೆಲವರು ಇದನ್ನು ಕುಷ್ಠವೆಂದೂ, ಕೆಲವರು ಅತಿಸಾರವೆಂದೂ, ಮತ್ತೆ ಕೆಲವರು ಹುಚ್ಚೆಂದೂ ತಿಳಿದು ಬೇರೆ ಬೇರೆ ಮದ್ದುಗಳನ್ನು ಮಾಡಿ ಸೋತರು.

ಮುಸುಕಿನ ಜೋಳದ ಹಿಂದೆಯೇ ಬಂದ ರೋಗ

ಮುಸುಕಿನ ಜೋಳ, ಗೋವಿನ ಜೋಳ, ಮೆಕ್ಕೆ ಜೋಳ ಎಂದು ನಾನಾ ಸೀಮೆಗಳಲ್ಲಿ ನಾನಾ ಹೆಸರುಗಳಿಂದ ಕರೆಯಲ್ಪಡುವ ಧಾನ್ಯವು ಅಮೆರಿಕ ಖಂಡದ್ದು. 1492ರಲ್ಲಿ ಕೊಲಂಬಸನು ಆ ಖಂಡದ ದಾರಿಯನ್ನು ಕಂಡ ಮೇಲೆ ಅದು ಯೂರೋಪಿಗೆ ಬಂದಿತು. ಕಡಿಮೆ ಭೂಮಿಯಲ್ಲಿ ಹೆಚ್ಚು ಕಾಳು ಕೊಡುವ ಗುಣದಿಂದ ಸ್ಪೇನಿನ ಉತ್ತರಭಾಗ, ಇಟಲಿಯ ಉತ್ತರಭಾಗ ಮುಂತಾದ ಕಡೆಗಳಲ್ಲಿ ಅದು ಬಡವರ ಮುಖ್ಯಾಹಾರವಾಯಿತು. ಅಲ್ಲಿನ ಗೇಣಿದಾರನು ಬೆಳೆದ ಗೋಧಿಯು ಒಡೆಯನ ಕಣಜಕ್ಕೂ ಪೇಟೆಗೂ ಹೋಗುತ್ತಿತ್ತು. ಗೇಣಿದಾರನ ಮನೆಯಲ್ಲಿ ವರ್ಷದ ಬಹುಭಾಗ ಉಳಿಯುತ್ತಿದ್ದುದು ಮುಸುಕಿನ ಜೋಳದ ಅಂಬಲಿ ಅಥವಾ ಮುದ್ದೆ ಮಾತ್ರ.

ಸ್ಪೇನಿನ ಅಸ್ತೂರಿಯಾಸ್ ಪ್ರಾಂತದಲ್ಲಿ ವೈದ್ಯನಾಗಿದ್ದ ಗಾಸ್ಪರ್ ಕಸಾಲನು 1735ರಲ್ಲಿ ಈ ರೋಗವನ್ನು ಮೊಟ್ಟಮೊದಲು ವರ್ಣಿಸಿದನು. ರೋಗಿಗಳು ಬಹಳ ಬಡವರೆಂಬುದನ್ನೂ, ಅವರ ಮುಖ್ಯಾಹಾರವು ಮುಸುಕಿನ ಜೋಳವೆಂಬುದನ್ನೂ, ಹಾಲು ಮಾಂಸಗಳು ಅವರಿಗೆ ಅಪರೂಪವೆಂಬುದನ್ನೂ ಅವನು ಗಮನಿಸಿದನು. ಅವನ ಗ್ರಂಥವು ಅವನು ತೀರಿಕೊಂಡ ಮೇಲೆ 1762ರಲ್ಲಿ ಅಚ್ಚಾಯಿತು. ಕತ್ತಿನ ಸುತ್ತಲ ಕಪ್ಪು ಪಟ್ಟಿಗೆ ಇಂದಿಗೂ ವೈದ್ಯರು ‘ಕಸಾಲನ ಹಾರ’ವೆಂದೇ ಹೇಳುತ್ತಾರೆ. 1771ರಲ್ಲಿ ಮಿಲಾನ್ ನಗರದ ಫ್ರಾಂಚೆಸ್ಕೊ ಫ್ರಾಪೊಲ್ಲಿ ಎಂಬ ವೈದ್ಯನು, ಆ ಸೀಮೆಯ ರೈತರ ಬಾಯಲ್ಲಿದ್ದ ‘ಪೆಲ್ಲಾಗ್ರ’ ಎಂಬ ಹೆಸರನ್ನು ಗ್ರಂಥಸ್ಥವಾಗಿ ಮಾಡಿದನು. ‘ಒರಟು ಚರ್ಮ’ ಎಂಬುದೇ ಆ ಪದದ ಅರ್ಥ. ಹೆಸರು ಚರ್ಮದ್ದಾದುದರಿಂದ ಜನರ ದೃಷ್ಟಿಯೂ ಬಹು ಕಾಲ ಚರ್ಮದ ಮೇಲೆಯೇ ನಿಂತಿತು.

ಕಾರಣದ ವಿಷಯದಲ್ಲಿ ಭಿನ್ನಾಭಿಪ್ರಾಯಗಳು

ರೋಗವು ಮುಸುಕಿನ ಜೋಳವನ್ನು ಹೆಚ್ಚಾಗಿ ಉಣ್ಣುವ ಕಡೆಗಳಲ್ಲಿಯೇ ಇದ್ದುದರಿಂದ ಆ ಧಾನ್ಯದ ಮೇಲೆ ಸಂಶಯವು ಬಂದುದು ಸಹಜವೇ. ಇಟಲಿಯ ಚೇಸರೆ ಲೊಂಬ್ರೋಸೊ ಎಂಬ ಪಂಡಿತನು, ಕೆಟ್ಟುಹೋದ ಬೂಷ್ಟು ಹಿಡಿದ ಕಾಳಿನಲ್ಲಿ ಹುಟ್ಟುವ ವಿಷವೇ ಕಾರಣವೆಂದು ವಾದಿಸಿದನು. ಈ ವಾದವು ಎಷ್ಟು ಬಲವಾಯಿತೆಂದರೆ, 1902ರಲ್ಲಿ ಇಟಲಿಯ ಸರ್ಕಾರವು ಕೆಟ್ಟ ಮುಸುಕಿನ ಜೋಳದ ವ್ಯಾಪಾರವನ್ನು ತಡೆಯಲು ಕಾನೂನನ್ನೇ ಮಾಡಿತು. ಸೂಕ್ಷ್ಮಾಣುಜೀವಿಗಳ ಶಾಸ್ತ್ರವು ಪ್ರಬಲವಾದ ಮೇಲೆ, ಇದು ಸಾಂಕ್ರಾಮಿಕ ರೋಗವೆಂದೂ, ಯಾವುದೋ ನೊಣವು ಇದನ್ನು ಹರಡುತ್ತದೆಂದೂ ಹೇಳುವವರು ಹೆಚ್ಚಿದರು. ವಂಶಪಾರಂಪರ್ಯವಾದ ದೋಷವೆಂದು ತಿಳಿದವರೂ ಇದ್ದರು.

ಈ ಚರ್ಚೆಯು ನಡೆಯುತ್ತಿರುವಾಗಲೇ ರೋಗವು ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಭಾಗದಲ್ಲಿ ಭಯಂಕರವಾಗಿ ಕಾಣಿಸಿಕೊಂಡಿತು. 1906ರಲ್ಲಿ ಅಲಬಾಮ ಸಂಸ್ಥಾನದ ಒಂದು ಮಾನಸಿಕ ಚಿಕಿತ್ಸಾಲಯದಲ್ಲಿ 88 ಮಂದಿಗೆ ರೋಗವು ತಗಲಿ ಅವರಲ್ಲಿ 57 ಮಂದಿ ಮೃತರಾದರೆಂದು ಡಾಕ್ಟರ್ ಜಾರ್ಜ್ ಸರ್ಸಿ ಎಂಬವನು ಮುಂದಿನ ವರ್ಷ ವರದಿ ಮಾಡಿದನು. 1906ರಿಂದ 1940ರವರೆಗೆ ಆ ದೇಶದಲ್ಲಿ ಸುಮಾರು 30 ಲಕ್ಷ ಮಂದಿಗೆ ಈ ರೋಗವು ಬಂದು, ಸುಮಾರು ಒಂದು ಲಕ್ಷ ಮಂದಿ ಸತ್ತರೆಂದು ಅಂದಾಜು ಮಾಡಲಾಗಿದೆ. ಸಾಂಕ್ರಾಮಿಕವೆಂಬ ಭಯದಿಂದ ರೋಗಿಗಳನ್ನು ನೆರೆಹೊರೆಯವರು ದೂರವಿಡುವುದೂ, ಕೆಲವು ಆಸ್ಪತ್ರೆಗಳು ಒಳಕ್ಕೆ ಸೇರಿಸದಿರುವುದೂ ನಡೆಯಿತು. ಕೈಮೇಲಿನ ಒರಟು ಚರ್ಮವು ಬಡವನಿಗೆ ನೋವನ್ನಲ್ಲದೆ ಅವಮಾನವನ್ನೂ ತಂದಿತು.

ಗೋಲ್ಡ್‌ಬರ್ಗರನ ಶೋಧನೆ

1914ರಲ್ಲಿ ಅಮೆರಿಕದ ಸಾರ್ವಜನಿಕ ಆರೋಗ್ಯದ ಇಲಾಖೆಯವರು ಈ ರೋಗದ ಪರಿಶೀಲನೆಗೆ ಡಾಕ್ಟರ್ ಜೋಸೆಫ್ ಗೋಲ್ಡ್‌ಬರ್ಗರನನ್ನು ನೇಮಿಸಿದರು. 1874ರಲ್ಲಿ ಹಂಗೇರಿಯಲ್ಲಿ ಜನಿಸಿ ಬಾಲ್ಯದಲ್ಲಿಯೇ ತಂದೆತಾಯಿಗಳೊಡನೆ ಅಮೆರಿಕಕ್ಕೆ ಹೋದವನಾದ ಈತನು, ಪ್ರಯೋಗಶಾಲೆಗೆ ಹೋಗುವುದಕ್ಕೆ ಮುಂಚೆ ಅನಾಥಾಲಯಗಳಿಗೂ ಮಾನಸಿಕ ಚಿಕಿತ್ಸಾಲಯಗಳಿಗೂ ಹೋಗಿ ಕಣ್ಣಾರೆ ನೋಡಿದನು. ಆಗ ಒಂದು ಸಂಗತಿಯು ಅವನಿಗೆ ಎದ್ದು ಕಂಡಿತು. ಅಲ್ಲಿ ಇರಿಸಲ್ಪಟ್ಟವರಿಗೆ ರೋಗ ಬರುತ್ತಿದ್ದಿತು. ಅವರ ಜೊತೆಯಲ್ಲಿಯೇ ಹಗಲಿರುಳು ಇದ್ದು ಅವರನ್ನು ಮುಟ್ಟಿ ಆರೈಕೆ ಮಾಡುತ್ತಿದ್ದ ದಾದಿಯರಿಗೂ ನೌಕರರಿಗೂ ಬರುತ್ತಿರಲಿಲ್ಲ. ರೋಗವು ಅಂಟುವಂಥಾದ್ದಾಗಿದ್ದರೆ ಹೀಗೇಕೆ ಆಗಬೇಕು? ಒಂದು ಅನಾಥಾಲಯದಲ್ಲಿ 6ರಿಂದ 12 ವರ್ಷದ ಮಕ್ಕಳಿಗೆ ಮಾತ್ರ ರೋಗವಿದ್ದಿತು. ಅದಕ್ಕಿಂತ ಚಿಕ್ಕವರಿಗೆ ಹಾಲು ಸಿಗುತ್ತಿತ್ತು. ದೊಡ್ಡವರು ಕೆಲಸ ಮಾಡುವವರಾದುದರಿಂದ ಅವರಿಗೆ ಸ್ವಲ್ಪ ಮಾಂಸವು ಸಿಗುತ್ತಿತ್ತು. ನಡುವಿನವರಿಗೆ ಎರಡೂ ಇರಲಿಲ್ಲ.

ಗೋಲ್ಡ್‌ಬರ್ಗರನು ಮಿಸ್ಸಿಸ್ಸಿಪ್ಪಿ ಸಂಸ್ಥಾನದ ಜಾಕ್ಸನ್ ಪಟ್ಟಣದ ಎರಡು ಅನಾಥಾಲಯಗಳಲ್ಲಿ ಮಕ್ಕಳ ಊಟಕ್ಕೆ ಹಾಲು, ಮೊಟ್ಟೆ, ಮಾಂಸ, ದ್ವಿದಳ ಧಾನ್ಯಗಳನ್ನು ಸೇರಿಸುವಂತೆ ಏರ್ಪಾಡು ಮಾಡಿದನು. ನೈರ್ಮಲ್ಯದ ವಿಷಯದಲ್ಲಿ ಬೇರೆ ಯಾವ ಬದಲಾವಣೆಯನ್ನೂ ಮಾಡಲಿಲ್ಲ. ವರ್ಷ ವರ್ಷವೂ ವಸಂತಕಾಲದಲ್ಲಿ ಮರುಕಳಿಸುತ್ತಿದ್ದ ರೋಗವು ಮುಂದಿನ ವಸಂತದಲ್ಲಿ ಬಹುಮಟ್ಟಿಗೆ ಮಾಯವಾಯಿತು.

ಇದರಿಂದಲೂ ವಿರೋಧಿಗಳು ಸುಮ್ಮನಾಗಲಿಲ್ಲ. ಒಳ್ಳೆಯ ಆಹಾರದಿಂದ ರೋಗವು ಹೋಗುವುದನ್ನು ತೋರಿಸಿದ್ದಾಯಿತು. ಕೆಟ್ಟ ಆಹಾರದಿಂದ ರೋಗವು ಬರುವುದನ್ನು ತೋರಿಸಬೇಕಾಗಿತ್ತು. 1915ರಲ್ಲಿ ಅದೇ ಸಂಸ್ಥಾನದ ರಾಂಕಿನ್ ಎಂಬ ಸೆರೆಮನೆಯ ಹೊಲದಲ್ಲಿ, ಕ್ಷಮಾದಾನದ ಭರವಸೆಯ ಮೇಲೆ ಒಪ್ಪಿಕೊಂಡ ಆರೋಗ್ಯವಂತರಾದ 11 ಮಂದಿ ಕೈದಿಗಳಿಗೆ ಮುಸುಕಿನ ಜೋಳ, ಹಿಟ್ಟಿನ ತಿಂಡಿ, ಅಕ್ಕಿ, ಸಕ್ಕರೆಯ ಪಾಕ, ಗೆಣಸು, ಸ್ವಲ್ಪ ಸೊಪ್ಪು, ಇವುಗಳನ್ನೇ ಆರು ತಿಂಗಳ ಕಾಲ ಕೊಡಲಾಯಿತು. ಆ ಅವಧಿಯಲ್ಲಿ 6 ಮಂದಿಗೆ ಪೆಲ್ಲಾಗ್ರದ ಗುರುತುಗಳು ಚರ್ಮದ ಮೇಲೆ ಎದ್ದವು. ಸೆರೆಯಲ್ಲಿರುವವನ ಒಪ್ಪಿಗೆಯು ಎಷ್ಟರ ಮಟ್ಟಿಗೆ ಸ್ವತಂತ್ರವಾದ ಒಪ್ಪಿಗೆಯೆಂಬ ಪ್ರಶ್ನೆಯು ಆಮೇಲೆ ಎದ್ದಿತು. ಇಂಥ ಪ್ರಯೋಗಕ್ಕೆ ಇಂದಿನ ವೈದ್ಯಧರ್ಮವು ಅವಕಾಶವನ್ನು ಕೊಡುವುದಿಲ್ಲ.

1916ರಲ್ಲಿ ಗೋಲ್ಡ್‌ಬರ್ಗರನು ತನ್ನ ಮೇಲೆಯೇ ಪ್ರಯೋಗವನ್ನು ಮಾಡಿಕೊಂಡನು. ಅವನೂ ಅವನ ಜೊತೆಗಾರರೂ ರೋಗಿಗಳ ರಕ್ತವನ್ನು ಸೂಜಿಯಿಂದ ತಮ್ಮ ಮೈಗೆ ಸೇರಿಸಿಕೊಂಡರು. ಅವರ ಚರ್ಮದ ಹೊಪ್ಪಳಿಕೆಯನ್ನೂ ಮಲಮೂತ್ರಗಳನ್ನೂ ಹಿಟ್ಟಿನಲ್ಲಿ ಕಲಸಿ ಗುಳಿಗೆ ಮಾಡಿ ನುಂಗಿದರು. ಅವನ ಹೆಂಡತಿಯಾದ ಮೇರಿಯೂ ಹಟ ಹಿಡಿದು ರೋಗಿಯ ರಕ್ತವನ್ನು ಚುಚ್ಚಿಸಿಕೊಂಡಳು. ಒಬ್ಬರಿಗೂ ಪೆಲ್ಲಾಗ್ರವು ಬರಲಿಲ್ಲ. ಇದು ಅಂಟುರೋಗವಲ್ಲವೆಂದು ಹೀಗೆ ಸಿದ್ಧವಾಯಿತು.

ಹತ್ತಿಯ ಬೆಲೆಯೂ ರೋಗದ ಲೆಕ್ಕವೂ

ಆಹಾರದ ಕೊರತೆಯೇ ಕಾರಣವೆಂದು ಸಿದ್ಧವಾದ ಮೇಲೆ, ಆ ಕೊರತೆಯು ಏಕೆ ಬಂದಿತೆಂಬ ಪ್ರಶ್ನೆಯು ಉಳಿಯಿತು. ಗೋಲ್ಡ್‌ಬರ್ಗರನು ಎಡ್ಗರ್ ಸೈಡೆನ್‌ಸ್ಟ್ರಿಕರ್ ಎಂಬ ಅರ್ಥಶಾಸ್ತ್ರಜ್ಞನೊಡನೆ 1916ರಲ್ಲಿ ದಕ್ಷಿಣ ಕೆರೊಲಿನ ಸಂಸ್ಥಾನದ ಏಳು ಹತ್ತಿಗಿರಣಿಯ ಹಳ್ಳಿಗಳಲ್ಲಿ ಮನೆಮನೆಗೂ ಹೋಗಿ ಆದಾಯವನ್ನೂ ಊಟವನ್ನೂ ಲೆಕ್ಕ ಮಾಡಿಸಿದನು. ಆದಾಯವು ಕಡಿಮೆಯಾದಷ್ಟೂ ರೋಗವು ಹೆಚ್ಚಾಗಿದ್ದಿತು. ಇದಕ್ಕಿಂತಲೂ ಸ್ವಾರಸ್ಯವಾದ ಮತ್ತೊಂದು ಸಂಗತಿಯೂ ತಿಳಿದುಬಂದಿತು. ಕೂಲಿಯು ಸುಮಾರಾಗಿ ಸಮವಾಗಿದ್ದ ಹಳ್ಳಿಗಳಲ್ಲಿಯೂ ರೋಗವು ಸಮವಾಗಿರಲಿಲ್ಲ. ಸುತ್ತಮುತ್ತಲ ರೈತರು ವರ್ಷವೆಲ್ಲಾ ಮಾಂಸ, ತರಕಾರಿ, ಹಾಲು ಮುಂತಾದುವನ್ನು ತಂದು ಮಾರುತ್ತಿದ್ದ ಹಳ್ಳಿಯಲ್ಲಿ ರೋಗವಿರಲಿಲ್ಲ. ಸುತ್ತಲೂ ಹತ್ತಿಯನ್ನೇ ಬಿತ್ತಿ, ಗಿರಣಿಯ ಅಂಗಡಿಯ ಹಿಟ್ಟನ್ನೇ ನಂಬಿಕೊಂಡಿದ್ದ ಹಳ್ಳಿಯಲ್ಲಿ ರೋಗವು ಬಲವಾಗಿದ್ದಿತು.

ಆ ಸೀಮೆಯ ವ್ಯವಸಾಯದ ಸ್ಥಿತಿಯೇ ಹಾಗಿದ್ದಿತು. ಪಾಲಿಗೆ ಉಳುವ ರೈತನು ಸಾಹುಕಾರನಿಂದ ಸಾಲವಾಗಿ ಬೀಜವನ್ನೂ ದವಸವನ್ನೂ ತರುತ್ತಿದ್ದನು. ಸಾಲಕ್ಕೆ ಈಡಾಗಿ ಸಾಹುಕಾರನು ಒಪ್ಪುತ್ತಿದ್ದುದು ಹತ್ತಿಯ ಬೆಳೆಯನ್ನು ಮಾತ್ರ. ಆದುದರಿಂದ ಹತ್ತಿಯ ಸಾಲುಗಳು ಮನೆಯ ಬಾಗಿಲವರೆಗೂ ಬಂದವು. ಹಿತ್ತಿಲ ತರಕಾರಿಗೂ ಹಸುವಿನ ಮೇವಿಗೂ ಜಾಗ ಉಳಿಯಲಿಲ್ಲ. ಊಟಕ್ಕೆ ಮುಸುಕಿನ ಜೋಳದ ಹಿಟ್ಟು, ಹಂದಿಯ ಕೊಬ್ಬು, ಕಾಕಂಬಿ, ಈ ಮೂರೇ ಗತಿಯಾದವು. 1920ರಲ್ಲಿ ಹತ್ತಿಯ ಬೆಲೆಯು ಕುಸಿದಾಗ ರೋಗವು ಹೆಚ್ಚುವುದೆಂದು ಗೋಲ್ಡ್‌ಬರ್ಗರನು ಎಚ್ಚರಿಕೆ ಕೊಟ್ಟನು. ದಕ್ಷಿಣದ ಮುಖಂಡರಲ್ಲಿ ಅನೇಕರು ಇದು ತಮ್ಮ ಸೀಮೆಗೆ ಅಪಕೀರ್ತಿಯೆಂದು ಸಿಟ್ಟಾದರು.

ಮೆಕ್ಸಿಕೋವಿನ ಕಡೆಯಿಂದ 1892ರ ಸುಮಾರಿಗೆ ಬಂದು ಹತ್ತಿಕಾಯಿಗಳನ್ನು ಹಾಳುಮಾಡಿದ ಮೂತಿಹುಳುವು ರೈತರಿಗೆ ಅಪಾರವಾದ ನಷ್ಟವನ್ನು ಉಂಟುಮಾಡಿದುದು ನಿಜವೇ. ಆದರೆ ಹುಳುವಿನ ಹಾವಳಿಯಿಂದ ರೈತರು ಹತ್ತಿಯನ್ನು ಕಡಿಮೆ ಮಾಡಿ ತಿನ್ನುವ ಬೆಳೆಗಳನ್ನು ಬೆಳೆಯಬೇಕಾದ ಕಡೆಗಳಲ್ಲಿ ಪೆಲ್ಲಾಗ್ರದ ಮರಣಗಳು ಇಳಿದವೆಂದು 2019ರಲ್ಲಿ ಪ್ರಕಟವಾದ ಅರ್ಥಶಾಸ್ತ್ರಜ್ಞರ ಪರಿಶೀಲನೆಯೊಂದು ತೋರಿಸಿದೆ. ಹೊಲದಲ್ಲಿ ಏನು ಬೆಳೆಯುತ್ತದೆ ಎಂಬುದಕ್ಕೂ ಮೈಮೇಲೆ ಏನು ಏಳುತ್ತದೆ ಎಂಬುದಕ್ಕೂ ಇರುವ ಸಂಬಂಧವು ಇಷ್ಟು ನೇರವಾಗಿದೆ.

ಔಷಧವು ದೊರೆತ ಬಗೆ

ಪೆಲ್ಲಾಗ್ರದಂಥ ರೋಗವು ನಾಯಿಗಳಿಗೂ ಬರುತ್ತದೆ; ನಾಲಿಗೆಯು ಕಪ್ಪಾಗುವುದರಿಂದ ಅದಕ್ಕೆ ‘ಕರಿನಾಲಿಗೆ’ ಎಂದು ಹೆಸರಾಯಿತು. ಗೋಲ್ಡ್‌ಬರ್ಗರನು ನಾಯಿಗಳ ಮೇಲೆ ಪರೀಕ್ಷೆ ಮಾಡಿ, ಮದ್ಯ ತಯಾರಿಸುವಲ್ಲಿ ಉಪಯೋಗಿಸುವ ಯೀಸ್ಟ್ ಎಂಬ ಹುದುಗು ಅಗ್ಗವಾದ ಔಷಧವಾಗಬಹುದೆಂದು ಕಂಡುಹಿಡಿದನು. 1927ರಲ್ಲಿ ಮಿಸ್ಸಿಸ್ಸಿಪ್ಪಿ ನದಿಗೆ ಮಹಾಪ್ರವಾಹ ಬಂದಾಗ ರೆಡ್‌ಕ್ರಾಸ್ ಸಂಸ್ಥೆಯವರು ಸಂತ್ರಸ್ತರಿಗೆ ಈ ಹುದುಗನ್ನು ಹಂಚಿದರು. ಆದರೆ ಅದರಲ್ಲಿರುವ ಸಾರವಸ್ತುವು ಯಾವುದೆಂಬುದು ತಿಳಿಯುವುದಕ್ಕೆ ಮೊದಲೇ, 1929ರಲ್ಲಿ, ಗೋಲ್ಡ್‌ಬರ್ಗರನು ತೀರಿಕೊಂಡನು.

1937ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದ ಕಾನ್ರಾಡ್ ಎಲ್ವೆಹ್ಯಂ ಎಂಬವನೂ ಅವನ ಸಹಾಯಕರೂ ಪಿತ್ತಜನಕಾಂಗದ ಸಾರದಿಂದ ನಿಕೋಟಿನಿಕ್ ಆಮ್ಲವನ್ನು ಬೇರ್ಪಡಿಸಿ, ಅದು ನಾಯಿಗಳ ಕರಿನಾಲಿಗೆಯನ್ನು ವಾಸಿಮಾಡುವುದೆಂದು ತೋರಿಸಿದರು. ಸ್ವಲ್ಪ ಕಾಲದಲ್ಲಿಯೇ ಟಾಮ್ ಸ್ಪೈಸ್ ಮೊದಲಾದ ವೈದ್ಯರು ಅದನ್ನು ಮನುಷ್ಯರಿಗೆ ಕೊಟ್ಟು ಗುಣಪಡಿಸಿದರು. ಈ ಆಮ್ಲವು ಹೊಸ ವಸ್ತುವೇನೂ ಅಲ್ಲ. ರಸಾಯನಶಾಸ್ತ್ರಜ್ಞರಿಗೆ ಅದು 19ನೆಯ ಶತಮಾನದಿಂದಲೇ ಗೊತ್ತಿದ್ದಿತು. ಕಾಸಿಮಿರ್ ಫುಂಕನು ಅಕ್ಕಿಯ ತೌಡಿನಿಂದ ಅದನ್ನು ತೆಗೆದಿದ್ದರೂ, ಅವನು ಹುಡುಕುತ್ತಿದ್ದುದು ಬೆರಿಬೆರಿ ರೋಗದ ಔಷಧವಾದುದರಿಂದ ಅದನ್ನು ಬದಿಗಿಟ್ಟನು. ಹೊಗೆಸೊಪ್ಪಿನ ನಿಕೋಟಿನನ್ನು ಜನರು ನೆನೆಯಬಾರದೆಂದು ಆಮೇಲೆ ಇದಕ್ಕೆ ‘ನಯಸಿನ್’ ಎಂಬ ಹೆಸರಿಟ್ಟರು. ಇದು ಬಿ ಗುಂಪಿನ 3ನೆಯ ಜೀವಸತ್ವವಾಗಿರುತ್ತದೆ.

ಇನ್ನೊಂದು ಒಗಟು ಉಳಿದಿದ್ದಿತು. ಹಾಲಿನಲ್ಲಿ ನಯಸಿನ್ ಬಹಳ ಕಡಿಮೆ. ಆದರೂ ಹಾಲು ಪೆಲ್ಲಾಗ್ರವನ್ನು ತಡೆಯುವುದು ಹೇಗೆ? 1945ರಲ್ಲಿ ಎಲ್ವೆಹ್ಯಮನ ಪ್ರಯೋಗಶಾಲೆಯಲ್ಲಿಯೇ ಇದಕ್ಕೆ ಉತ್ತರವು ದೊರೆಯಿತು. ಸಸಾರಜನಕ ಪದಾರ್ಥಗಳಲ್ಲಿರುವ ಟ್ರಿಪ್ಟೊಫೇನ್ ಎಂಬ ಅಮೈನೋ ಆಮ್ಲದಿಂದ ಶರೀರವು ನಯಸಿನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫೇನಿನಿಂದ 1 ಮಿಲಿಗ್ರಾಂ ನಯಸಿನ್ ಆಗುತ್ತದೆ. ಹಾಲು, ಮೊಟ್ಟೆಗಳಲ್ಲಿ ಟ್ರಿಪ್ಟೊಫೇನ್ ಹೇರಳವಾಗಿದೆ. ಮುಸುಕಿನ ಜೋಳದ ಮುಖ್ಯವಾದ ಸಸಾರಜನಕದಲ್ಲಿ ಅದು ಇಲ್ಲವೆನ್ನುವಷ್ಟು ಕಡಿಮೆ.

ಸುಣ್ಣದ ನೀರಿನ ಗುಟ್ಟು

ಮುಸುಕಿನ ಜೋಳದ ತವರಾದ ಮೆಕ್ಸಿಕೋ ಪ್ರಾಂತದ ಜನರು ಸಾವಿರಾರು ವರ್ಷ ಅದನ್ನೇ ತಿಂದರೂ ಪೆಲ್ಲಾಗ್ರದಿಂದ ಅಷ್ಟಾಗಿ ನರಳಲಿಲ್ಲ. ಕಾರಣವೇನೆಂದರೆ, ಆ ಜನರು ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ರಾತ್ರಿಯೆಲ್ಲಾ ನೆನೆಯಿಟ್ಟು, ಸಿಪ್ಪೆಯನ್ನು ಉಜ್ಜಿ ತೊಳೆದು, ಅನಂತರ ರುಬ್ಬಿ ರೊಟ್ಟಿ ಮಾಡುತ್ತಾರೆ. ಮುಸುಕಿನ ಜೋಳದಲ್ಲಿರುವ ನಯಸಿನ್ ಬೇರೆ ವಸ್ತುಗಳೊಡನೆ ಬಿಗಿಯಾಗಿ ಕೂಡಿಕೊಂಡಿರುವುದರಿಂದ ಕರುಳು ಅದನ್ನು ಹೀರಲಾರದು; ಸುಣ್ಣದ ಕ್ಷಾರವು ಆ ಬಂಧನವನ್ನು ಬಿಡಿಸುತ್ತದೆ. ಜೊತೆಗೆ ಅವರು ಅವರೆಯ ಜಾತಿಯ ಕಾಳುಗಳನ್ನು ಸೇರಿಸಿ ಉಣ್ಣುತ್ತಿದ್ದರು. ಯೂರೋಪಿನವರು ಬೀಜವನ್ನು ತಂದರು. ಅಡಿಗೆಯ ಕ್ರಮವನ್ನು ತರಲಿಲ್ಲ. ಹೊಸ ಧಾನ್ಯವೊಂದನ್ನು ಬೇರೆ ದೇಶದಿಂದ ತರುವಾಗ ಅಲ್ಲಿಯ ಹೆಂಗಸರ ಅಡಿಗೆಯ ತಿಳಿವಳಿಕೆಯನ್ನೂ ವಿಚಾರಿಸಿ ತರತಕ್ಕದ್ದೆಂಬ ಪಾಠವನ್ನು ಲಕ್ಷಾಂತರ ಮಂದಿಯ ಪ್ರಾಣವನ್ನು ತೆತ್ತು ಕಲಿಯಬೇಕಾಯಿತು.

ದಖ್ಖನಿನ ಜೋಳ

ಪೆಲ್ಲಾಗ್ರವು ಮುಸುಕಿನ ಜೋಳಕ್ಕೆ ಮಾತ್ರ ಸೇರಿದ್ದೆಂಬ ನಂಬಿಕೆಯನ್ನು ದಖ್ಖನಿನ ಅನುಭವವು ಅಲುಗಿಸಿತು. ಹೈದರಾಬಾದಿನ ಸುತ್ತಲ ಸೀಮೆಯಲ್ಲಿ ಮುಸುಕಿನ ಜೋಳವನ್ನಲ್ಲದೆ ಬಿಳಿಯ ಜೋಳವನ್ನೇ ಮುಖ್ಯವಾಗಿ ಉಣ್ಣುತ್ತಿದ್ದ ಬಡ ಕೂಲಿಕಾರರಲ್ಲಿ ಈ ರೋಗವು ಕಾಣುತ್ತಿದ್ದಿತು. ಕೂನೂರಿನಿಂದ 1958ರಲ್ಲಿ ಹೈದರಾಬಾದಿಗೆ ಬಂದ ಪೋಷಣಾ ಸಂಶೋಧನಾಲಯದ ಡಾಕ್ಟರ್ ಸಿ. ಗೋಪಾಲನ್ ಮತ್ತು ಡಾಕ್ಟರ್ ಎಸ್. ಜಿ. ಶ್ರೀಕಂಠಯ್ಯ ಇವರು ಇದನ್ನು ಪರಿಶೀಲಿಸಿ 1960ರಲ್ಲಿ ತಮ್ಮ ಅಭಿಪ್ರಾಯವನ್ನು ಪ್ರಕಟಿಸಿದರು. ಜೋಳದಲ್ಲಿ ಟ್ರಿಪ್ಟೊಫೇನ್ ಮುಸುಕಿನ ಜೋಳದಲ್ಲಿರುವಷ್ಟು ಕಡಿಮೆಯಿಲ್ಲದಿದ್ದರೂ ರೋಗವು ಬರುವುದೇಕೆ ಎಂಬುದು ಅವರ ಪ್ರಶ್ನೆ. ಎರಡು ಧಾನ್ಯಗಳಲ್ಲಿಯೂ ಲ್ಯೂಸಿನ್ ಎಂಬ ಮತ್ತೊಂದು ಅಮೈನೋ ಆಮ್ಲವು ವಿಪರೀತವಾಗಿರುವುದನ್ನು ಅವರು ಗಮನಿಸಿ, ಅದು ಟ್ರಿಪ್ಟೊಫೇನಿನಿಂದ ನಯಸಿನ್ ಆಗುವ ಕ್ರಿಯೆಗೆ ಅಡ್ಡಿ ಮಾಡುತ್ತದೆಂದು ಸೂಚಿಸಿದರು. ಲ್ಯೂಸಿನ್ ಕಡಿಮೆಯಿರುವ ಜೋಳದ ತಳಿಗಳನ್ನು ಹುಡುಕುವ ಪ್ರಯತ್ನವೂ ನಡೆಯಿತು. ಅನಂತರದ ಎಲ್ಲಾ ಪ್ರಯೋಗಗಳೂ ಈ ಅಭಿಪ್ರಾಯವನ್ನು ಒಂದೇ ರೀತಿಯಲ್ಲಿ ಸಮರ್ಥಿಸಲಿಲ್ಲವಾದುದರಿಂದ ಪಂಡಿತರಲ್ಲಿ ಚರ್ಚೆಯು ಉಳಿದಿದೆ. ಪೋಷಣಾ ಸಂಶೋಧನಾಲಯವು 1969ರಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆಯೆಂಬ ಹೆಸರನ್ನು ಪಡೆಯಿತು.

ಇದರಿಂದ ಜೋಳವು ಕೆಟ್ಟ ಧಾನ್ಯವೆಂದು ಯಾರೂ ತಿಳಿಯಬಾರದು. ಬಿಜಾಪುರ, ಕಲಬುರಗಿ, ರಾಯಚೂರು, ಧಾರವಾಡ ಸೀಮೆಗಳ ಮನೆಗಳಲ್ಲಿ ಜೋಳದ ರೊಟ್ಟಿಯೊಡನೆ ಹೆಸರುಕಾಳು, ಮಡಿಕೆಕಾಳು, ತೊಗರಿಯ ಬೇಳೆ, ಶೇಂಗಾ ಹಿಂಡಿ, ಮೊಸರು, ಪುಂಡಿಪಲ್ಯ, ಇವುಗಳಲ್ಲಿ ಎರಡು ಮೂರಾದರೂ ಇರುವುದು ಪದ್ಧತಿ. ಅಂಥ ಊಟಕ್ಕೆ ಪೆಲ್ಲಾಗ್ರದ ಭಯವಿಲ್ಲ. ಭಯವಿದ್ದುದು ರೊಟ್ಟಿಯೊಡನೆ ಉಪ್ಪು ಮೆಣಸಿನಕಾಯಿಯನ್ನು ಬಿಟ್ಟು ಬೇರೆ ಏನೂ ಸಿಗದ ಮನೆಗೆ. ದೋಷವು ಧಾನ್ಯದ್ದಲ್ಲ, ಧಾನ್ಯವನ್ನು ಒಂಟಿಯಾಗಿ ಬಿಟ್ಟ ಬಡತನದ್ದು.

ಚರ್ಮದಿಂದ ಮೆದುಳಿನವರೆಗೆ

ಒಂದು ಜೀವಸತ್ವದ ಕೊರತೆಯು ಚರ್ಮ, ಕರುಳು, ಮೆದುಳುಗಳನ್ನು ಒಟ್ಟಿಗೆ ಕೆಡಿಸುವುದು ಹೇಗೆಂಬುದು ಈಗ ಬಹುಮಟ್ಟಿಗೆ ತಿಳಿದಿದೆ. ನಯಸಿನಿನಿಂದ ಶರೀರದ ಪ್ರತಿಯೊಂದು ಜೀವಕೋಶದಲ್ಲಿಯೂ ಒಂದು ಸಹಾಯಕ ವಸ್ತುವು ತಯಾರಾಗುತ್ತದೆ. ಆಹಾರದಿಂದ ಶಕ್ತಿಯನ್ನು ಬಿಡಿಸಿಕೊಳ್ಳುವ ನೂರಾರು ರಾಸಾಯನಿಕ ಕ್ರಿಯೆಗಳಿಗೆ ಆ ವಸ್ತುವು ಅವಶ್ಯವು. ಅದು ಕಡಿಮೆಯಾದರೆ ಹೆಚ್ಚು ದುಡಿಯುವ ಅಂಗಗಳೇ ಮೊದಲು ಸೋಲುತ್ತವೆ. ಬಿಸಿಲಿನ ಕಿರಣಗಳು ಚರ್ಮದ ಜೀವಕೋಶಗಳ ವಂಶದ್ರವ್ಯಕ್ಕೆ ದಿನವೂ ಹಾನಿಯನ್ನು ಮಾಡುತ್ತವೆ. ಆ ಹಾನಿಯನ್ನು ಸರಿಪಡಿಸುವ ಕೆಲಸಕ್ಕೂ ಈ ವಸ್ತುವೇ ಬೇಕು. ಆದುದರಿಂದ ಬಿಸಿಲು ತಾಕುವ ಚರ್ಮವು ಮೊದಲು ಒಡೆಯುತ್ತದೆ. ಕರುಳಿನ ಒಳಪದರವು ಕೆಲವೇ ದಿನಗಳಿಗೊಮ್ಮೆ ಹೊಸದಾಗಿ ಬೆಳೆಯಬೇಕಾದುದರಿಂದ ಅದೂ ಸವೆದು ಭೇದಿಯಾಗುತ್ತದೆ. ಮೆದುಳಿಗೆ ಸದಾ ಶಕ್ತಿ ಬೇಕಾದುದರಿಂದ ಅದೂ ಮಂಕಾಗುತ್ತದೆ. ಭೇದಿಯಿಂದ ತಿಂದದ್ದೂ ಮೈಗೆ ಹತ್ತದೆ ಕೊರತೆಯು ಮತ್ತಷ್ಟು ಹೆಚ್ಚುತ್ತದೆ.

ಇತರ ಚರ್ಮದ ಗುರುತುಗಳಲ್ಲಿಯೂ ಇಂಥ ಒಳಸಂಬಂಧಗಳು ಕಂಡುಬಂದಿವೆ. ಸೋರಿಯಾಸಿಸ್ ಎಂಬ ಹೊಪ್ಪಳಿಕೆಯ ರೋಗವುಳ್ಳ ಕೆಲವರಿಗೆ ಕೀಲುಗಳ ಬಾವು ಬರುತ್ತದೆ. ಕತ್ತಿನ ಹಿಂಭಾಗವೂ ಕಂಕುಳೂ ಮಖಮಲ್ಲಿನಂತೆ ದಪ್ಪವಾಗಿ ಕಪ್ಪಾದರೆ ಅದು ಸಕ್ಕರೆ ರೋಗದ ಮುನ್ಸೂಚನೆಯಾಗಿರಬಹುದು. ಸ್ಪರ್ಶಜ್ಞಾನವಿಲ್ಲದ ಬಿಳಿಚಿದ ಮಚ್ಚೆಯು ಕುಷ್ಠದ ಗುರುತಾಗಿರಬಹುದು. ಆ ರೋಗವು ನರಗಳನ್ನು ಹಿಡಿಯುತ್ತದೆ, ಬೇಗನೆ ಔಷಧ ಕೊಟ್ಟರೆ ವಾಸಿಯಾಗುತ್ತದೆ.

ರೋಗವು ಪೂರ್ಣವಾಗಿ ಹೋಗಿಲ್ಲ

ಹಿಟ್ಟಿಗೆ ನಯಸಿನನ್ನು ಸೇರಿಸುವ ಪದ್ಧತಿಯು 1940ರ ದಶಕದಲ್ಲಿ ಅಮೆರಿಕದಲ್ಲಿ ಬಂದ ಮೇಲೆ, ಊಟದ ಮಟ್ಟವೂ ಏರಿದುದರಿಂದ, ಅಲ್ಲಿ ಪೆಲ್ಲಾಗ್ರವು ಅಪರೂಪವಾಯಿತು. ಆದರೆ ಆಹಾರವು ಒಂದೇ ಧಾನ್ಯಕ್ಕೆ ಇಳಿದಲ್ಲೆಲ್ಲಾ ಅದು ತಲೆಯೆತ್ತುತ್ತದೆ. 1990ರಲ್ಲಿ ಆಫ್ರಿಕ ಖಂಡದ ಮಲಾವಿಯಲ್ಲಿ ಆಶ್ರಯ ಪಡೆದಿದ್ದ ಮೊಜಾಂಬಿಕ್ ದೇಶದ ನಿರಾಶ್ರಿತರಲ್ಲಿ ಸುಮಾರು 18 ಸಾವಿರ ಮಂದಿಗೆ ಪೆಲ್ಲಾಗ್ರವು ಬಂದಿತು. ಅವರಿಗೆ ಸಿಗುತ್ತಿದ್ದ ಪಡಿಯಲ್ಲಿ ಮುಸುಕಿನ ಜೋಳವು ಮುಖ್ಯ. ಜೊತೆಗೆ ಕೊಡುತ್ತಿದ್ದ ಕಡಲೆಕಾಯಿಯ ಸರಬರಾಯಿಯು ನಿಂತುಹೋದುದೇ ರೋಗಕ್ಕೆ ಕಾರಣವಾಯಿತು. ಹಿಡಿ ಕಡಲೆಕಾಯಿಯ ಬೆಲೆಯು ಎಷ್ಟೆಂಬುದು ಇದರಿಂದ ಗೊತ್ತಾಗುವುದು.

ಇದಲ್ಲದೆ, ಅತಿಯಾಗಿ ಮದ್ಯಪಾನ ಮಾಡಿ ಊಟವನ್ನು ಬಿಡುವವರಲ್ಲಿಯೂ, ಕ್ಷಯರೋಗಕ್ಕೆ ಐಸೋನಿಯಾಜಿಡ್ ಎಂಬ ಔಷಧವನ್ನು ಸೇವಿಸುವ ದುರ್ಬಲರಲ್ಲಿಯೂ ಪೆಲ್ಲಾಗ್ರವು ಈಗಲೂ ಕಂಡುಬರುವುದುಂಟು. ಅಂಥವರು ಕ್ಷಯದ ಔಷಧವನ್ನು ತಾವಾಗಿ ನಿಲ್ಲಿಸಕೂಡದು, ವೈದ್ಯನಿಗೆ ತೋರಿಸತಕ್ಕದ್ದು.

ತಳಿಯ ಸುಧಾರಣೆ

ವ್ಯವಸಾಯ ವಿಜ್ಞಾನವೂ ಸುಮ್ಮನೆ ಕುಳಿತಿಲ್ಲ. 1963ರ ಸುಮಾರಿಗೆ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾನಿಲಯದ ಎಡ್ವಿನ್ ಮರ್ಟ್ಸ್, ಆಲಿವರ್ ನೆಲ್ಸನ್ ಮೊದಲಾದವರು ಟ್ರಿಪ್ಟೊಫೇನ್ ಮತ್ತು ಲೈಸಿನ್‌ಗಳು ಸುಮಾರು ಎರಡರಷ್ಟಿರುವ ಮುಸುಕಿನ ಜೋಳದ ಬಗೆಯೊಂದನ್ನು ಗುರುತಿಸಿದರು. ಆದರೆ ಅದರ ಕಾಳು ಮೆತ್ತಗೆ, ಇಳುವರಿ ಕಡಿಮೆ, ಹುಳುವಿನ ಕಾಟ ಹೆಚ್ಚು. ಆದುದರಿಂದ ರೈತರು ಒಪ್ಪಲಿಲ್ಲ. ಮೆಕ್ಸಿಕೋವಿನ ಅಂತರರಾಷ್ಟ್ರೀಯ ಸಂಶೋಧನ ಕೇಂದ್ರದಲ್ಲಿ ಭಾರತೀಯರಾದ ಡಾಕ್ಟರ್ ಸುರೀಂದರ್ ವಾಸಲ್ ಮತ್ತು ಮೆಕ್ಸಿಕೋವಿನ ಡಾಕ್ಟರ್ ಎವಾಂಜೆಲಿನ ವಿಲ್ಲೆಗಾಸ್ ಇವರು ಅನೇಕ ವರ್ಷ ದುಡಿದು ಕಾಳನ್ನು ಗಟ್ಟಿಯಾಗಿಸಿ ಇಳುವರಿಯನ್ನೂ ಸರಿಪಡಿಸಿದರು. ಇದಕ್ಕಾಗಿ 2000ದಲ್ಲಿ ಇಬ್ಬರಿಗೂ ವಿಶ್ವ ಆಹಾರ ಪ್ರಶಸ್ತಿಯು ದೊರೆಯಿತು. ಭಾರತದಲ್ಲಿಯೂ ಈ ಜಾತಿಯ ಸಂಕರ ತಳಿಗಳು ಬಿಡುಗಡೆಯಾಗಿವೆ. ಕರ್ನಾಟಕದಲ್ಲಿ ದಾವಣಗೆರೆ, ಹಾವೇರಿ ಮುಂತಾದ ಜಿಲ್ಲೆಗಳಲ್ಲಿ ಬೆಳೆಯುವ ಮುಸುಕಿನ ಜೋಳದ ಬಹುಭಾಗವು ಕೋಳಿಗಳ ಮೇವಿಗೂ ಕಾರ್ಖಾನೆಗಳಿಗೂ ಹೋಗುವುದರಿಂದ, ಈ ಗುಣವು ಪಶುಪಕ್ಷಿಗಳಿಗೂ ಹಿತಕರವೆಂಬುದನ್ನು ಲಕ್ಷಿಸಬೇಕು. ದನಗಳ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು ನಯಸಿನನ್ನು ತಯಾರಿಸುತ್ತವೆ. ಕೋಳಿ, ಹಂದಿಗಳಿಗೆ ಆ ಅನುಕೂಲವಿಲ್ಲ. ಅವುಗಳ ಮೇವು ಬರಿಯ ಮುಸುಕಿನ ಜೋಳವಾದರೆ ಅವೂ ಸೊರಗುತ್ತವೆ.

ರೈತರು ಗಮನಿಸತಕ್ಕ ಅಂಶಗಳು

ಮೊದಲನೆಯದು: ವಯಸ್ಸಾದ ಮನುಷ್ಯನಿಗೆ ದಿನಕ್ಕೆ ಸುಮಾರು 15 ಮಿಲಿಗ್ರಾಂ ನಯಸಿನ್ ಸಾಕು. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 12 ಮಿಲಿಗ್ರಾಂ ಇರುತ್ತದೆ. ಬೇಳೆಕಾಳು, ಹಾಲು, ಮೊಟ್ಟೆ, ಮೀನು, ಮಾಂಸ, ಇವುಗಳಲ್ಲಿ ಅವರವರ ಮನೆಯ ಪದ್ಧತಿಗೆ ಒಗ್ಗುವುದನ್ನು ಧಾನ್ಯದ ಜೊತೆಗೆ ಪ್ರತಿದಿನವೂ ಸೇರಿಸಿಕೊಳ್ಳತಕ್ಕದ್ದು.

ಎರಡನೆಯದು: ಪೇಟೆಯ ಬೆಳೆಗೆ ಹೊಲವನ್ನೆಲ್ಲಾ ಕೊಟ್ಟುಬಿಡದೆ ತೊಗರಿ, ಅವರೆ, ಅಲಸಂದೆ, ಹೆಸರು, ಇವುಗಳನ್ನು ಅಕ್ಕಡಿ ಸಾಲುಗಳಲ್ಲಿ ಹಾಕುವ ಹಿರಿಯರ ಪದ್ಧತಿಯನ್ನು ಉಳಿಸಿಕೊಳ್ಳುವುದು ಮಣ್ಣಿಗೂ ಮೈಗೂ ಒಳ್ಳೆಯದು. ಬೆಳೆದ ಕಾಳನ್ನೆಲ್ಲಾ ಮಾರಿಬಿಡದೆ ಮನೆಯ ಹೆಂಗಸರು ಮಕ್ಕಳ ಊಟಕ್ಕೆಂದು ಒಂದು ಪಾಲನ್ನು ಮೊದಲೇ ತೆಗೆದಿಡಬೇಕು.

ಮೂರನೆಯದು: ಎರಡು ಕೈಗಳ ಮೇಲೂ ಕತ್ತಿನ ಸುತ್ತಲೂ ಸಮವಾಗಿ ಚರ್ಮವು ಕಪ್ಪಾಗಿ ಬಿರಿದು, ಬಾಯಿ ಹುಣ್ಣು, ಭೇದಿ, ನಿದ್ರಾನಾಶ ಇವು ಕೂಡಿದ್ದಲ್ಲಿ, ಬರಿಯ ಮುಲಾಮನ್ನು ಹಚ್ಚಿ ಕಾಲಹರಣ ಮಾಡದೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ರಮದಂತೆ ವೈದ್ಯರು ನಿಕೋಟಿನಮೈಡ್ ಗುಳಿಗೆಗಳನ್ನು ದಿನಕ್ಕೆ 300 ಮಿಲಿಗ್ರಾಂ ಪ್ರಮಾಣದಲ್ಲಿ ಹಲವು ವೇಳೆಗಳಾಗಿ ಹಂಚಿ ಮೂರು ನಾಲ್ಕು ವಾರ ಕೊಡುತ್ತಾರೆ. ಬಾಯಿಯ ಉರಿಯೂ ಮನಸ್ಸಿನ ಕಳವಳವೂ ಕೆಲವೇ ದಿನಗಳಲ್ಲಿ ಇಳಿಯುತ್ತವೆ. ಚರ್ಮವು ಮಾಗಲು ಕೆಲವು ವಾರಗಳು ಹಿಡಿಯುತ್ತವೆ. ಅಂಗಡಿಯಿಂದ ತಾವೇ ತಂದು ಮಿತಿಮೀರಿ ನಯಸಿನ್ ನುಂಗುವುದರಿಂದ ಪಿತ್ತಜನಕಾಂಗಕ್ಕೆ ಅಪಾಯವುಂಟು.

ನಾಲ್ಕನೆಯದು: ಈ ರೋಗವು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ರೋಗಿಯನ್ನು ಬೇರೆ ಕೂರಿಸಬೇಕಾದುದಿಲ್ಲ; ಅವನನ್ನು ಪಂಕ್ತಿಯಲ್ಲಿಯೇ ಕೂರಿಸಿಕೊಂಡು ಅವನ ಎಲೆಗೆ ಬೇಳೆಯನ್ನೂ ಮೊಸರನ್ನೂ ಒಂದು ಸೌಟು ಹೆಚ್ಚಾಗಿ ಬಡಿಸಬೇಕಾದುದೇ ನೆರೆಹೊರೆಯವರ ಕರ್ತವ್ಯವಾಗಿದೆ.